ಜೂನ್ 1: ಊರಿಗೆಲ್ಲ ಒಂದೇ ಹುಟ್ಟುಹಬ್ಬ

ನಿಮ್ಮ ಅಪ್ಪನ ಆಧಾರ್ ಕಾರ್ಡ್ ತೆಗೆದು ನೋಡಿ. ಹುಟ್ಟಿದ ದಿನ ಜೂನ್ 1 ಅಂತ ಇದೆಯೇ? ಪಕ್ಕದ ಮನೆಯ ದೊಡ್ಡಪ್ಪನದೂ ಅದೇ ಇದ್ದರೆ ಆಶ್ಚರ್ಯವಿಲ್ಲ.

ಆಗ ಹೆರಿಗೆ ಆಗುತ್ತಿದ್ದದ್ದು ಮನೆಯಲ್ಲೇ. ತಾರೀಖು ಬರೆದಿಡುವವರು ಕಡಿಮೆ. ‘ಗಾಂಧಿ ಸತ್ತ ವರ್ಷ’, ‘ಕೆರೆ ಕೋಡಿ ಬಿದ್ದ ವರ್ಷ’ ಎಂಬುದೇ ಲೆಕ್ಕ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೇಷ್ಟ್ರು ಮಗುವಿನ ವಯಸ್ಸು ಅಂದಾಜು ಮಾಡಿ, ದಾಖಲಾತಿಗೆ ಹೊಂದುವಂತೆ ಜೂನ್ 1 ಎಂದು ಬರೆದರು. ಅದೇ ತಾರೀಖು ಟಿಸಿಯಿಂದ ಉಳಿದ ಕಾಗದಗಳಿಗೂ ಹೋಯಿತು.

ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಆದದ್ದು 1969ರಲ್ಲಿ. ಮಗು ಹುಟ್ಟಿದ 21 ದಿನದೊಳಗೆ ತಿಳಿಸಬೇಕು. ಹಳ್ಳಿಗಳಲ್ಲಿ ಇದು ರೂಢಿಯಾಗಲು ಬಹಳ ವರ್ಷ ಹಿಡಿಯಿತು. ಈಗ 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಆಧಾರ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ.

ಶಾಲೆಯ ಮೆಟ್ಟಿಲನ್ನೇ ಹತ್ತದ ಅವ್ವನಿಗೆ ಮಾತ್ರ ಆ ಜೂನ್ 1 ಕೂಡ ಸಿಗಲಿಲ್ಲ. ಎಷ್ಟೋ ಅವ್ವಂದಿರ ಕಾರ್ಡಿನಲ್ಲಿ ಬರೀ ಇಸವಿ ಇದೆ, ಅದೂ ಅಂದಾಜಿನದು. ಅಂದಾಜು ಎರಡು ವರ್ಷ ತಪ್ಪಿದರೆ ವೃದ್ಧಾಪ್ಯ ಪಿಂಚಣಿಯೂ ಎರಡು ವರ್ಷ ತಡ.

ಈ ಸಲ ಜೂನ್ 1ರ ಬೆಳಿಗ್ಗೆ, ಹೊಲಕ್ಕೆ ಹೋಗುವ ಮೊದಲು, ಮನೆಯಲ್ಲೇ ಎಲ್ಲರ ಹುಟ್ಟುಹಬ್ಬ ಮಾಡಿ. ಕೇಕ್ ಬೇಡ, ಉಪ್ಪಿಟ್ಟು, ಕೇಸರಿಬಾತ್ ಸಾಕು. ಅಪ್ಪನ ಪಕ್ಕ ಅವ್ವನನ್ನೂ ಕೂರಿಸಿ, ದೊಡ್ಡಪ್ಪನನ್ನೂ ಕರೆಯಿರಿ. ತಿನ್ನುತ್ತಾ ಕೇಳಿ: ‘ನೀನು ಹುಟ್ಟಿದಾಗ ಊರಲ್ಲಿ ಏನಾಗಿತ್ತಂತೆ ಅವ್ವಾ?’

ಅವಳು ಹೇಳಿದ್ದನ್ನು ಬರೆದಿಡಿ. ಯಾವ ರಿಜಿಸ್ಟರಿನಲ್ಲೂ ಅದು ಸಿಗುವುದಿಲ್ಲ.