ಲ್ಯಾಪ್‌ಟಾಪ್‌ಗೆ 4ಕೆ ಸ್ಕ್ರೀನ್ ಬೇಕಾ? ದುಡ್ಡು ಕೊಡುವ ಮೊದಲು ಇಷ್ಟು ತಿಳಿದಿರಲಿ

ಅನಂತಪುರ: ಕಾಸರಗೋಡು ಕಡೆಯ ಮನೆಗಳಿಗೆ ಲ್ಯಾಪ್‌ಟಾಪ್ ಬರುವುದು ಹೆಚ್ಚಾಗಿ ಎರಡು ದಾರಿಯಲ್ಲಿ: ಪೇಟೆಯ ಅಂಗಡಿಯಿಂದ, ಇಲ್ಲವೇ ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ. ಎರಡೂ ಕಡೆ ಈಗ ಕೇಳಿಬರುವ ಮಾತು '4ಕೆ ಸ್ಕ್ರೀನ್'. ಅದಕ್ಕೆ ಹೆಚ್ಚು ದುಡ್ಡು ಕೊಡಬೇಕಾ ಎಂಬುದು ಮಕ್ಕಳ ಓದಿಗೆ, ಅಂಗಡಿಯ ಲೆಕ್ಕಕ್ಕೆ ಲ್ಯಾಪ್‌ಟಾಪ್ ತೆಗೆಯುವ ಎಲ್ಲರ ಪ್ರಶ್ನೆ.

ರೆಸಲ್ಯೂಷನ್ ಎಂದರೇನು?

ಸ್ಕ್ರೀನ್‌ನಲ್ಲಿರುವ ಚಿಕ್ಕ ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ ಲೆಕ್ಕವೇ ರೆಸಲ್ಯೂಷನ್. ಹಳೆಯ ಅಗ್ಗದ ಲ್ಯಾಪ್‌ಟಾಪ್‌ಗಳ 1366×768 ಸ್ಕ್ರೀನ್‌ನಲ್ಲಿ ಸುಮಾರು 10.5 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿ, ಅಂದರೆ 1920×1080ರಲ್ಲಿ 20.7 ಲಕ್ಷ. 3840×2160ರ 4ಕೆಯಲ್ಲಿ ಸುಮಾರು 83 ಲಕ್ಷ. 2012ರ ಜೂನ್‌ನಲ್ಲಿ ಆಪಲ್ 15.4 ಇಂಚಿನ ಮ್ಯಾಕ್‌ಬುಕ್ ಪ್ರೋಗೆ 2880×1800ರ ರೆಟಿನಾ ಸ್ಕ್ರೀನ್ ಹಾಕಿದ ಮೇಲೆ ಉಳಿದ ಕಂಪನಿಗಳೂ ಈ ಪೈಪೋಟಿಗೆ ಇಳಿದವು.

ಕಣ್ಣಿಗೆ ಎಷ್ಟು ಕಾಣುತ್ತದೆ?

15.6 ಇಂಚಿನ ಫುಲ್ ಎಚ್‌ಡಿ ಸ್ಕ್ರೀನ್‌ನಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.18 ಮಿಲಿಮೀಟರ್. 60 ಸೆಂಟಿಮೀಟರ್ ದೂರದಿಂದ ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಸುಮಾರು 0.17 ಮಿಲಿಮೀಟರ್. ಅಂದರೆ ಮೇಜಿನ ಮೇಲಿಟ್ಟು ಕೆಲಸ ಮಾಡುವವರಿಗೆ ಫುಲ್ ಎಚ್‌ಡಿ ಹತ್ತಿರ ಹತ್ತಿರ ಸಾಕು. 40 ಸೆಂಟಿಮೀಟರ್‌ನಷ್ಟು ಹತ್ತಿರ ಕೂತು ಓದುವವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮ ಲಿಪಿಗಳ ವಿಷಯ ಸ್ವಲ್ಪ ಬೇರೆ. ಕನ್ನಡದಲ್ಲಿ ಒತ್ತಕ್ಷರ ಇದೆ. 'ದ', 'ಧ', 'ಥ' ಬೇರೆಯಾಗುವುದು ಒಂದು ಸೀಳು, ಒಂದು ಚುಕ್ಕೆಯಿಂದ. ಅರಬಿಕ್‌ನಲ್ಲೂ ಚುಕ್ಕೆ, ಸ್ವರಚಿಹ್ನೆಗಳೇ ಮುಖ್ಯ. 12 ಪಾಯಿಂಟ್ ಅಕ್ಷರಕ್ಕೆ 15.6 ಇಂಚಿನ ಹಳೆಯ ಸ್ಕ್ರೀನ್‌ನಲ್ಲಿ ಸಿಗುವ ಎತ್ತರ ಸುಮಾರು 16 ಪಿಕ್ಸೆಲ್, ಫುಲ್ ಎಚ್‌ಡಿಯಲ್ಲಿ 23, 2560×1440ರಲ್ಲಿ 31, 4ಕೆಯಲ್ಲಿ 47. ಹದಿನಾರರಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ. ಇಪ್ಪತ್ತಮೂರರಲ್ಲಿ ಓದಬಹುದು. ಮೂವತ್ತೊಂದರಲ್ಲಿ ಚೊಕ್ಕವಾಗಿ ಕಾಣುತ್ತದೆ. ಅದರಾಚೆ ಲಾಭ ಕಡಿಮೆ. ಹಾಗಾಗಿ ಹಳೆಯ 1366×768 ಸ್ಕ್ರೀನ್ ಅಗ್ಗಕ್ಕೆ ಸಿಕ್ಕಿದರೂ ಓದುವ ಮಕ್ಕಳಿಗೆ ಬೇಡ.

ಹೆಚ್ಚು ಸಾಲು ಸಿಗುತ್ತದಾ?

'4ಕೆ ಆದರೆ ಎಕ್ಸೆಲ್‌ನಲ್ಲಿ ಹೆಚ್ಚು ಸಾಲು ಕಾಣುತ್ತದೆ' ಎಂಬ ಮಾತು ಲ್ಯಾಪ್‌ಟಾಪ್‌ನಲ್ಲಿ ನಡೆಯುವುದಿಲ್ಲ. ಅಷ್ಟು ಸಣ್ಣ ಅಕ್ಷರ ಓದಲಾಗದ್ದರಿಂದ ವಿಂಡೋಸ್‌ನಲ್ಲಿ ಎಲ್ಲವನ್ನೂ ಹಿಗ್ಗಿಸಬೇಕು. 4ಕೆಯನ್ನು 250 ಶೇಕಡಕ್ಕೆ, ಫುಲ್ ಎಚ್‌ಡಿಯನ್ನು 125 ಶೇಕಡಕ್ಕೆ ಇಟ್ಟರೆ ಎರಡರಲ್ಲೂ ಸಿಗುವ ಜಾಗ ಒಂದೇ: 1536×864. ಅಕ್ಷರ ನುಣುಪಾಗುತ್ತದೆ ಅಷ್ಟೇ, ಸಾಲು ಒಂದೂ ಹೆಚ್ಚುವುದಿಲ್ಲ. ಹಳೆಯ ಲೆಕ್ಕದ ಸಾಫ್ಟ್‌ವೇರ್, ಹಳೆಯ ಡಿಟಿಪಿ ಪ್ರೋಗ್ರಾಂಗಳು ಹೀಗೆ ಹಿಗ್ಗಿದಾಗ ಮಸುಕಾಗುವುದೂ ಉಂಟು.

ನಷ್ಟ ಎಲ್ಲಿ?

ಪಿಕ್ಸೆಲ್ ಚಿಕ್ಕದಾದಷ್ಟೂ ಹಿಂದಿನ ಬೆಳಕು ಹೊರಗೆ ಬರುವುದು ಕಡಿಮೆ. ಅದನ್ನು ಸರಿದೂಗಿಸಲು ಬೆಳಕು ಹೆಚ್ಚಿಸಬೇಕು, ಗ್ರಾಫಿಕ್ಸ್ ಚಿಪ್ ಕೂಡ ಹೆಚ್ಚು ದುಡಿಯಬೇಕು. ಎರಡಕ್ಕೂ ಚಾರ್ಜ್ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರಲ್ಲಿ ಇದು ಸಣ್ಣ ಮಾತಲ್ಲ. ಸ್ಕ್ರೀನ್ ಒಡೆದರೆ ಬದಲಿಸುವ ಖರ್ಚೂ ಜಾಸ್ತಿ. ಗಲ್ಫ್‌ನಿಂದ ತರಿಸುವುದಾದರೆ ವಾರಂಟಿ ಭಾರತದಲ್ಲಿ ನಡೆಯುತ್ತದಾ ಎಂದು ಮೊದಲೇ ಕೇಳಿಕೊಳ್ಳಬೇಕು.

ಹಾಗಾದರೆ ಯಾವುದು?

ವಿದ್ಯಾರ್ಥಿಗಳಿಗೆ, ಜಿಎಸ್‌ಟಿ ಮತ್ತು ಬಿಲ್ಲಿಂಗ್ ಕೆಲಸಕ್ಕೆ ಫುಲ್ ಎಚ್‌ಡಿ ಸಾಕು. ದಿನವಿಡೀ ಕನ್ನಡ, ಮಲಯಾಳಂ ಟೈಪಿಂಗ್, ಪುಟ ವಿನ್ಯಾಸ ಮಾಡುವವರು 2560×1440 ಅಥವಾ ಅದರ ಆಸುಪಾಸಿನದ್ದು ನೋಡಬಹುದು. 4ಕೆ ನಿಜಕ್ಕೂ ಉಪಯೋಗಕ್ಕೆ ಬರುವುದು ಫೋಟೋ, ವಿಡಿಯೋ ಎಡಿಟಿಂಗ್‌ನಿಂದಲೇ ಹೊಟ್ಟೆ ಹೊರೆಯುವವರಿಗೆ.

ಉಳಿದ ದುಡ್ಡನ್ನು ಐಪಿಎಸ್ ಪ್ಯಾನೆಲ್, ಕನಿಷ್ಠ 300 ನಿಟ್ಸ್ ಬೆಳಕು, 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿಗೆ ಹಾಕುವುದು ಜಾಣತನ. ಅನಂತಪುರದ ಪಾರೆಯ ಮೇಲಿನ ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ತೆರೆದಿಟ್ಟು ಲೆಕ್ಕ ಬರೆಯುವವರಿಗೆ ಪಿಕ್ಸೆಲ್‌ಗಿಂತ ಮೊದಲು ಬೇಕಾದದ್ದು ಬಿಸಿಲಿನ ಬೆಳಕಿನಲ್ಲೂ ಕಾಣುವ, ಹೊಳಪಿಲ್ಲದ ಮ್ಯಾಟ್ ಸ್ಕ್ರೀನ್. ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೋರಿಸುವಾಗ ವಿಡಿಯೋ ನೋಡಿ ಮರುಳಾಗದೆ, ಒಂದು ಕನ್ನಡ ಪುಟ ತೆರೆಸಿ ಐದು ನಿಮಿಷ ಓದಿ ನೋಡಿ. ಕಣ್ಣೇ ಉತ್ತರ ಹೇಳುತ್ತದೆ.