ಯಂತ್ರಾಂಶ ಆಧಾರಿತ ಡಿಸ್ಕ್ ಗೂಢಲಿಪೀಕರಣ

ಯಂತ್ರಾಂಶ ಆಧಾರಿತ ಡಿಸ್ಕ್ ಗೂಢಲಿಪೀಕರಣ ಎಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ ಶೇಖರವಾಗುವ ದತ್ತಾಂಶವನ್ನು ಆ ಸಾಧನದೊಳಗಿನ ನಿಯಂತ್ರಕವೇ ಎನ್‌ಕ್ರಿಪ್ಟ್ ಮಾಡುವ ವಿಧಾನ. ಇದರ ಭದ್ರತೆಯು ಗೂಢಲಿಪಿಯ ಬಲದಷ್ಟೇ ತಯಾರಕರು ಅದನ್ನು ಅಳವಡಿಸಿದ ರೀತಿಯನ್ನೂ ಅವಲಂಬಿಸಿದೆ.

ಕಾರ್ಯವಿಧಾನ

ಇಂತಹ ಡ್ರೈವ್‌ಗಳು ಸಾಮಾನ್ಯವಾಗಿ 128 ಅಥವಾ 256 ಬಿಟ್‌ಗಳ ಕೀಲಿಯುಳ್ಳ ಎಇಎಸ್ ಕ್ರಮವಿಧಿಯನ್ನು ಬಳಸುತ್ತವೆ. ಕೀಲಿಯು ಡ್ರೈವ್‌ನಲ್ಲೇ ಉಳಿಯುತ್ತದೆ. ಬಳಕೆದಾರರ ಪಾಸ್‌ವರ್ಡ್‌ನಿಂದ ರೂಪಿಸಿದ ಮತ್ತೊಂದು ಕೀಲಿಯಿಂದ ಅದನ್ನು ರಕ್ಷಿಸುವುದು ಅಗತ್ಯ. ದತ್ತಾಂಶದ ಕೀಲಿಯು ಗಣಕದ ಮುಖ್ಯ ಸ್ಮೃತಿಗೆ ಬಾರದಿರುವುದು ಮತ್ತು ಪ್ರೊಸೆಸರ್‌ನ ಮೇಲೆ ಹೊರೆ ಬೀಳದಿರುವುದು ಈ ವಿಧಾನದ ಅನುಕೂಲಗಳು.

ದೌರ್ಬಲ್ಯಗಳು

2018ರ ನವೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಕಾರ್ಲೊ ಮೈಯರ್ ಮತ್ತು ಬರ್ನಾರ್ಡ್ ವಾನ್ ಗಾಸ್ಟೆಲ್ ಅವರು ಕ್ರೂಷಿಯಲ್ ಮತ್ತು ಸ್ಯಾಮ್‌ಸಂಗ್‌ನ ಕೆಲವು ಎಸ್‌ಎಸ್‌ಡಿಗಳಲ್ಲಿನ ಗಂಭೀರ ದೋಷಗಳನ್ನು ಪ್ರಕಟಿಸಿದರು. ಕ್ರೂಷಿಯಲ್ ಎಂಎಕ್ಸ್100 ಮತ್ತು ಎಂಎಕ್ಸ್200 ಮಾದರಿಗಳಲ್ಲಿ ದತ್ತಾಂಶದ ಕೀಲಿಯನ್ನು ಪಾಸ್‌ವರ್ಡ್‌ನಿಂದ ರಕ್ಷಿಸಿರಲೇ ಇಲ್ಲ. ಫರ್ಮ್‌ವೇರ್ ಪಾಸ್‌ವರ್ಡನ್ನು ಹೋಲಿಸಿ ನೋಡುತ್ತಿತ್ತು, ಅಷ್ಟೆ. ಆ ಪರಿಶೀಲನೆಯನ್ನು ತಿದ್ದಿದರೆ ಯಾವ ಪಾಸ್‌ವರ್ಡ್ ನೀಡಿದರೂ ಡ್ರೈವ್ ತೆರೆದುಕೊಳ್ಳುತ್ತಿತ್ತು. ಎಇಎಸ್ ಅನ್ನು ಭೇದಿಸುವ ಅಗತ್ಯವೇ ಇರಲಿಲ್ಲ.

ಇದಲ್ಲದೆ, ಒಮ್ಮೆ ತೆರೆದ ಡ್ರೈವ್ ಸಾಮಾನ್ಯವಾಗಿ ವಿದ್ಯುತ್ ಕಡಿತವಾಗುವವರೆಗೂ ತೆರೆದೇ ಇರುತ್ತದೆ. ವಿದ್ಯುತ್ ಸಂಪರ್ಕವನ್ನು ಉಳಿಸಿಕೊಂಡು ದತ್ತಾಂಶದ ಕೇಬಲನ್ನು ಮಾತ್ರ ಬೇರೆ ಗಣಕಕ್ಕೆ ಜೋಡಿಸಿ ಅದನ್ನು ಓದುವ ದಾಳಿಗೆ ಇದು ಅವಕಾಶ ನೀಡುತ್ತದೆ.

ಪರಿಣಾಮ

ವಿಂಡೋಸ್‌ನ ಬಿಟ್‌ಲಾಕರ್ ಆಗ ಇಂತಹ ಡ್ರೈವ್ ದೊರೆತಲ್ಲಿ ಅದರ ಗೂಢಲಿಪೀಕರಣವನ್ನೇ ನೆಚ್ಚಿಕೊಳ್ಳುತ್ತಿತ್ತು. 2019ರ ಸೆಪ್ಟೆಂಬರ್‌ನ ಪರಿಷ್ಕರಣೆಯಲ್ಲಿ ಮೈಕ್ರೋಸಾಫ್ಟ್ ತಂತ್ರಾಂಶ ಗೂಢಲಿಪೀಕರಣವನ್ನು ಪೂರ್ವನಿಯೋಜಿತ ಆಯ್ಕೆಯಾಗಿಸಿತು. ಈ ಬದಲಾವಣೆಯು ಹೊಸದಾಗಿ ಎನ್‌ಕ್ರಿಪ್ಟ್ ಮಾಡುವ ಡ್ರೈವ್‌ಗಳಿಗಷ್ಟೇ ಅನ್ವಯಿಸುತ್ತದೆ. ಹಳೆಯವನ್ನು ಡಿಕ್ರಿಪ್ಟ್ ಮಾಡಿ ಮರಳಿ ಎನ್‌ಕ್ರಿಪ್ಟ್ ಮಾಡಬೇಕಾಗುತ್ತದೆ.