ಕಿಡ್‌ರಾಪ್

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಕಾಯಿಲೆ ಆರ್‌ಒಪಿಯನ್ನು ದೂರದಿಂದಲೇ ಪತ್ತೆಹಚ್ಚುವ ಕರ್ನಾಟಕದ ಆರೈಕೆ ಜಾಲ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ 2008ರಲ್ಲಿ ಶುರುವಾಯಿತು, ರೂವಾರಿ ಡಾ. ಆನಂದ್ ವಿನೇಕರ್.

ಈ ಕಾಯಿಲೆ ಕಾಯುವುದಿಲ್ಲ. 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬದೆ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ನೋಡಲೇಬೇಕು. ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಆದರೆ ಜಿಲ್ಲೆಗಳಲ್ಲಿ ಇದನ್ನು ಬಲ್ಲ ವೈದ್ಯರು ವಿರಳ. ಹಾಗಾಗಿ ಇಲ್ಲಿ ಊರೂರು ತಿರುಗುವುದು ತಜ್ಞರಲ್ಲ, ಕ್ಯಾಮೆರಾ. ತರಬೇತಿ ಪಡೆದ ತಂತ್ರಜ್ಞರು ಅದನ್ನು ವಾಹನದಲ್ಲಿ ಹೇರಿಕೊಂಡು ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಕೂಸಿನ ಕಣ್ಣಿಗೆ ಹನಿ ಹಾಕಿ, ಪಾಪೆ ಅರಳಿದ ಮೇಲೆ ರೆಪ್ಪೆ ಬಿಡಿಸಿ ಹಿಡಿದು ಚಿತ್ರ ತೆಗೆಯುತ್ತಾರೆ. ಅದು ಬೆಂಗಳೂರಿನ ತಜ್ಞರ ಮೊಬೈಲಿಗೆ ತಲುಪುತ್ತದೆ. ಚಿತ್ರಕ್ಕೆ ಬೀಳುವ ಕೆಂಪು ಗುರುತೆಂದರೆ ತುರ್ತು ಚಿಕಿತ್ಸೆ, ಕಿತ್ತಳೆ ಎಂದರೆ ಮರುತಪಾಸಣೆ, ಹಸಿರೆಂದರೆ ಹೆತ್ತವರಿಗೆ ನಿರಾಳ.

ಮಕ್ಕಳ ಆರೈಕೆಯ ಇನ್ನೊಂದು ಜಾಲ, ಅಮೆರಿಕದಲ್ಲಿ 2007ರಲ್ಲಿ ಹುಟ್ಟಿದ ಇಂಪ್ರೂವ್‌ಕೇರ್‌ನೌ. ಅದರ ಹಾದಿ ಬೇರೆ. ಕರುಳಿನ ಉರಿಯೂತವಿರುವ ಮಕ್ಕಳ ಮಾಹಿತಿಯನ್ನು ಅಲ್ಲಿ ಹಲವು ಆಸ್ಪತ್ರೆಗಳು ಹಂಚಿಕೊಳ್ಳುತ್ತವೆ, ಹೆತ್ತವರೂ ಪಾಲುದಾರರು. ಕಿಡ್‌ರಾಪ್ ಅಷ್ಟು ದೂರ ಹೋಗದಿದ್ದರೂ ಬಡ ಜಿಲ್ಲೆಗಳಿಗೆ ಹೆಚ್ಚು ಹೊಂದುವ ಮಾದರಿ.

ಮುಂದಿನ ಹೆಜ್ಜೆ, ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ಸೋಸುವುದು. ಚಿಕಿತ್ಸೆಗೆ ಲೇಸರ್ ಹಿಡಿಯುವ ಕೈ ಮಾತ್ರ ಈಗಲೂ ವೈದ್ಯರದೇ.